ಆಲಿಕಲ್ಲು ಬಿದ್ದ ಛಾವಣಿ: ಉಪಗ್ರಹ ನೋಡಿದರೆ ಸಾಕೇ?

ಮಾರ್ಚ್‌ನಿಂದ ಜೂನ್‌ವರೆಗೆ ಅಮೆರಿಕದ ಟೆಕ್ಸಾಸ್, ಒಕ್ಲಹೋಮಾ, ಕೊಲರಾಡೊ ಸೀಮೆಯಲ್ಲಿ ಆಲಿಕಲ್ಲಿನ ಕಾಲ. ಬಿರುಗಾಳಿ ದಾಟಿದ ಮೇಲೆ ಯಾರ ಮನೆಯ ಛಾವಣಿ ಕೆಟ್ಟಿದೆ ಎಂಬುದನ್ನು ಆಕಾಶದಿಂದ ತೆಗೆದ ಚಿತ್ರ ನೋಡಿ ಪತ್ತೆ ಹಚ್ಚುವುದು ಅಲ್ಲಿ ಈಗ ದೊಡ್ಡ ವ್ಯವಹಾರ. ಡಾಲಸ್ ಸುತ್ತಮುತ್ತ ಸ್ವಂತ ಮನೆ ಮಾಡಿಕೊಂಡ ಕನ್ನಡಿಗರಿಗೂ ಇದರ ಬಿಸಿ ತಟ್ಟಿದೆ. ಹಾನಿಯ ತೀರ್ಮಾನವನ್ನು ಉಪಗ್ರಹಕ್ಕೆ ಒಪ್ಪಿಸಬಹುದೇ? ಅಲ್ಲಿಯೇ ನೆಲೆಸಿರುವ ಇಬ್ಬರ ವಾದ ಇಲ್ಲಿದೆ.

ಪರ: ಕಮಿಷನ್ ಕೇಳದ ಕಣ್ಣು ಅದೊಂದೇ
(ಬರೆದವರು ಫ್ರಿಸ್ಕೊ ನಿವಾಸಿ, ಡೇಟಾ ಇಂಜಿನಿಯರ್)

ಆಲಿಕಲ್ಲಿನ ಮಳೆಗಿಂತ ಅದರ ಮರುದಿನದ ಬೆಳಗ್ಗೆ ಕಂಡರೆ ನನಗೆ ಹೆಚ್ಚು ಹೆದರಿಕೆ. ಬೀದಿಯ ಉದ್ದಕ್ಕೂ ಏಣಿ ಹೇರಿಕೊಂಡ ಪಿಕಪ್ ಟ್ರಕ್ಕುಗಳು ಬಂದು ನಿಲ್ಲುತ್ತವೆ. ಇಸ್ತ್ರಿ ಮಾಡಿದ ಟೀ ಶರ್ಟು, ಕೊರಳಲ್ಲಿ ಬ್ಯಾಡ್ಜು, ಕೈಯಲ್ಲಿ ಟ್ಯಾಬ್ಲೆಟ್ಟು. ‘ಫ್ರೀ ಇನ್‌ಸ್ಪೆಕ್ಷನ್’ ಎನ್ನುತ್ತ ಹುಡುಗರು ಮನೆ ಮನೆಯ ಬೆಲ್ ಒತ್ತುತ್ತಾರೆ. ಹೀಗೆ ಮೇಲೆ ಹತ್ತಿದವರು ‘ನಿಮ್ಮ ರೂಫ್ ಚೆನ್ನಾಗಿದೆ’ ಎಂದು ಹೇಳಿ ಇಳಿದದ್ದನ್ನು ನಾನಂತೂ ಕಂಡಿಲ್ಲ. ಹಾಗೆ ಹೇಳಿದರೆ ಅವರಿಗೆ ಕಾಸು ಹುಟ್ಟುವುದಿಲ್ಲವಲ್ಲ! ಟೆಕ್ಸಾಸ್‌ನಲ್ಲಿ ತಲೆಗೂದಲು ಕತ್ತರಿಸಲು ಲೈಸೆನ್ಸ್ ಬೇಕು, ತಲೆಯ ಮೇಲಿನ ಸೂರು ಹೊದಿಸಲು ರಾಜ್ಯದ ಲೈಸೆನ್ಸ್ ಬೇಕಿಲ್ಲ.

ಹಗಲು ಹೊತ್ತು ನಮ್ಮ ಮನೆಗಳಲ್ಲಿ ಇರುವವರಾದರೂ ಯಾರು? ಆರು ತಿಂಗಳಿಗೆಂದು ಊರಿನಿಂದ ಬಂದ ಅಪ್ಪ-ಅಮ್ಮ. ನಮ್ಮ ಬೀದಿಯಲ್ಲೇ ನಡೆದದ್ದು ಕೇಳಿ. ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದ ಹಿರಿಯರು ಅವರು. ಜೀವಮಾನವಿಡೀ ಸಾಲದ ಕಾಗದ ಎರಡೆರಡು ಸಲ ಓದಿ ಸಹಿ ಹಾಕಿಸಿಕೊಂಡವರು. ಪಾಪ, ಬಿಸಿಲಲ್ಲಿ ಬಂದಿದ್ದಾನೆ ಎಂದು ಹುಡುಗನನ್ನು ಒಳಗೆ ಕರೆದು ಕಾಫಿ ಕೊಟ್ಟಿದ್ದಾರೆ. ಏಣಿ ಹತ್ತಲು ಅನುಮತಿ ಬೇಕು, ಇಲ್ಲಿ ಬೆರಳಲ್ಲಿ ಗೀಚಿ ಎಂದು ಅವನು ಟ್ಯಾಬ್ಲೆಟ್ಟು ಹಿಡಿದಿದ್ದಾನೆ. ಗೀಚಿದ್ದಾರೆ. ಅದು ಅನುಮತಿಯಲ್ಲ, ಇನ್ಶೂರೆನ್ಸ್ ಒಪ್ಪಿದರೆ ಇಡೀ ಛಾವಣಿಯ ಕೆಲಸ ಇದೇ ಕಂಪನಿಗೆ ಎಂಬ ಕರಾರು. ಸಂಜೆ ಇಮೇಲ್ ನೋಡಿ ಮಗ ತಲೆ ಚಚ್ಚಿಕೊಂಡ. ಮನೆ ಬಾಗಿಲಲ್ಲಿ ಆದ ಒಪ್ಪಂದವನ್ನು ಮೂರು ಕೆಲಸದ ದಿನಗಳೊಳಗೆ ರದ್ದು ಮಾಡಲು ಕಾನೂನಿನಲ್ಲಿ ಅವಕಾಶವಿದ್ದದ್ದರಿಂದ ಬಚಾವಾದರು. ಮನೆ ಮಗನ ಹೆಸರಲ್ಲಿರುವಾಗ ಅಪ್ಪನ ಸಹಿಗೆ ಬೆಲೆಯೇನು ಎಂದು ನೀವು ಕೇಳಬಹುದು. ಕೇಳಿ, ಆಮೇಲೆ ಇಲ್ಲಿನ ವಕೀಲರ ಫೀಸು ಗಂಟೆಗೆ ಎಷ್ಟು ಎಂಬುದನ್ನೂ ಕೇಳಿ.

ಕಾನೂನುಗಳಿಗೇನೂ ಬರವಿಲ್ಲ. ನಿಮ್ಮ ಡಿಡಕ್ಟಿಬಲ್ (ಕ್ಲೇಮಿನಲ್ಲಿ ಮನೆಯವರೇ ಭರಿಸಬೇಕಾದ ಮೊದಲ ಪಾಲು) ನಾವೇ ನೋಡಿಕೊಳ್ಳುತ್ತೇವೆ ಎಂದು ಆಸೆ ತೋರಿಸುವುದು 2019ರಿಂದ ಟೆಕ್ಸಾಸ್‌ನಲ್ಲಿ ಅಪರಾಧ. ಛಾವಣಿ ಹಾಕುವ ಕಾಂಟ್ರಾಕ್ಟರನೇ ಮನೆಯವರ ಪರವಾಗಿ ಇನ್ಶೂರೆನ್ಸ್ ಜೊತೆ ಕ್ಲೇಮಿನ ಚೌಕಾಸಿಗೆ ಕೂರುವಂತಿಲ್ಲ. ರಾಜ್ಯದ ಸುಪ್ರೀಂ ಕೋರ್ಟ್ 2024ರಲ್ಲಿ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೂ ಸುತ್ತಿಗೆಯಿಂದ ಛಾವಣಿಯ ಹೊದಿಕೆ ಹಾಳೆಗಳಾದ ಶಿಂಗಲ್ಸ್‌ಗೆ ಕುಟ್ಟಿ ‘ನೋಡಿ, ಆಲಿಕಲ್ಲಿನ ಪೆಟ್ಟು’ ಎಂದು ಫೋಟೊ ತೆಗೆಯುವವರು ಇದ್ದೇ ಇದ್ದಾರೆ. ಏಣಿ ಹತ್ತಿದವನ ಮಾತೇ ಸಾಕ್ಷಿ ಆಗಿರುವವರೆಗೂ ಇದು ನಿಲ್ಲುವುದಿಲ್ಲ. ಮೇಲೆ ನೂರಾರು ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುವ ಕ್ಯಾಮೆರಾ ಯಾರ ಮನೆಯಲ್ಲೂ ಕಾಫಿ ಕುಡಿಯುವುದಿಲ್ಲ.

ಇನ್ನು ಪ್ರಮಾಣದ ಮಾತು. 2016ರ ಏಪ್ರಿಲ್ 11ರಂದು ನಮಗೆ ಹತ್ತಿರದ ವೈಲಿ ಊರಿನ ಹೆಚ್ಚಿನ ಮನೆಗಳು ಒಂದೇ ಸಂಜೆ ಪೆಟ್ಟು ತಿಂದವು. ಮರುದಿನ ಸ್ಯಾನ್ ಆಂಟೋನಿಯೊ. ಅಲ್ಲಿನ ವಿಮಾ ನಷ್ಟ ಸುಮಾರು 140 ಕೋಟಿ ಡಾಲರ್. ಮರುವರ್ಷ ಮೇ 8ರಂದು ಡೆನ್ವರ್, 230 ಕೋಟಿ. ಅಲ್ಲಿ ಕೊಲರಾಡೊ ಮಿಲ್ಸ್ ಎಂಬ ದೊಡ್ಡ ಮಾಲ್‌ನ ಛಾವಣಿ ಕೆಟ್ಟು ಒಳಗೆ ನೀರು ನುಗ್ಗಿ ತಿಂಗಳುಗಟ್ಟಲೆ ಬಾಗಿಲು ಹಾಕಿತ್ತು. ಇಷ್ಟು ಮನೆಗಳಿಗೆ ಏಣಿ ಇಡಲು ಹಾನಿ ಅಳೆಯುವ ಇನ್ಶೂರೆನ್ಸ್ ಅಡ್ಜಸ್ಟರುಗಳು ಎಲ್ಲಿಂದ ಬರಬೇಕು? ಬೇರೆ ರಾಜ್ಯಗಳಿಂದ ವಿಮಾನದಲ್ಲಿ ಬರುತ್ತಾರೆ, ನಿಮ್ಮ ಸರದಿ ಬರುವಷ್ಟರಲ್ಲಿ ಇನ್ನೊಂದು ಮಳೆ ಬಂದಿರುತ್ತದೆ, ಅಟ್ಟದ ಇನ್ಸುಲೇಷನ್ ನೆನೆದು ಮಲಗುವ ಕೋಣೆಯ ಸೀಲಿಂಗಿನಲ್ಲಿ ಚಹಾ ಬಣ್ಣದ ಕಲೆ ಮೂಡಿರುತ್ತದೆ.

ಯಾರ ಮನೆಗೆ ಮೊದಲು ಹೋಗಬೇಕು ಎಂಬುದನ್ನು ಆಕಾಶವೇ ಹೇಳಬಲ್ಲದು. ಹವಾಮಾನ ಇಲಾಖೆಯ ನೆಕ್ಸ್‌ರ್‍ಯಾಡ್ ರೇಡಾರುಗಳಿಗೆ 2013ರ ವೇಳೆಗೆ ಹೊಸ ಶಕ್ತಿ ಬಂತು: ಅಡ್ಡ, ಉದ್ದ ಎರಡೂ ಅಲೆಗಳಲ್ಲಿ ನೋಡುತ್ತವೆ. ದೊಡ್ಡ ಮಳೆಹನಿ ಚಪ್ಪಟೆಯಾಗಿ ಬೀಳುತ್ತದೆ, ಆಲಿಕಲ್ಲು ಉರುಳುತ್ತ ಬೀಳುತ್ತದೆ. ಹಾಗಾಗಿ ಎರಡನ್ನೂ ಬೇರೆ ಮಾಡಬಹುದು, ಕಲ್ಲಿನ ಗಾತ್ರವನ್ನೂ ಅಂದಾಜು ಮಾಡಬಹುದು. ಆ ನಕ್ಷೆಯ ಮೇಲೆ ಉಪಗ್ರಹದ ಚಿತ್ರ ಹರಡಿ. ಎಲೆ ಉದುರಿದ ಮರಗಳ ಸಾಲು, ಒಡೆದ ಸ್ಕೈಲೈಟು, ಹಾರಿಹೋದ ಶಿಂಗಲ್ಸು, ತರಾತುರಿಯಲ್ಲಿ ಹೊದಿಸಿದ ನೀಲಿ ಟಾರ್ಪಾಲು, ಎಲ್ಲ ಕಣ್ಣಿಗೆ ಕಟ್ಟುತ್ತವೆ. ಯಾವ ಬೀದಿ ನಾಳೆಗೇ, ಯಾವುದು ಮುಂದಿನ ವಾರಕ್ಕೆ ಎಂದು ಕೂತಲ್ಲೇ ವಿಂಗಡಿಸಬಹುದು.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು ಹಳೆಯ ಚಿತ್ರಗಳ ಭಂಡಾರ. ಕ್ಲೇಮ್ ಹಾಕಿದ ಕೂಡಲೇ ಇನ್ಶೂರೆನ್ಸಿನವರ ರಾಗ ಗೊತ್ತಲ್ಲ: ‘ಇದು ಹಳೇ ಸವೆತ, ಹಳೇ ರೂಫ್’. ವಯಸ್ಸಾದ ಛಾವಣಿಗೆ ಹೊಸದರ ಪೂರ್ತಿ ದುಡ್ಡು ಕೊಡದೆ ಸವಕಳಿ ಕಳೆದು ಚಿಲ್ಲರೆ ಕೈಗಿಡುವ ಪಾಲಿಸಿಗಳೇ ಈಗ ಹೆಚ್ಚುತ್ತಿವೆ. ಮನೆ ಮಾರಿ ಹೋದ ಹಿಂದಿನ ಮಾಲೀಕ ಯಾವ ವರ್ಷ ಛಾವಣಿ ಬದಲಾಯಿಸಿದ ಎಂದು ನೀವು ಎಲ್ಲಿಂದ ಸಾಬೀತು ಮಾಡುತ್ತೀರಿ? ಮಾಸಿದ ಕಂದು ಬಣ್ಣ ಹೋಗಿ ಕಡು ಬೂದು ಬಂದ ತಿಂಗಳು ಆ ಭಂಡಾರದಲ್ಲಿ ದಿನಾಂಕದ ಸಮೇತ ಇರುತ್ತದೆ. ಏಪ್ರಿಲ್‌ನಲ್ಲಿ ಇದ್ದ ಶಿಂಗಲ್ಸು ಮೇನಲ್ಲಿ ಇಲ್ಲವೆಂದರೆ ಅದೂ ಇರುತ್ತದೆ. ಬಡಪಾಯಿ ಮನೆಯೊಡೆಯನಿಗೆ ಇಂಥ ಸಾಕ್ಷಿ ಹಿಂದೆ ಎಂದಾದರೂ ಸಿಕ್ಕಿತ್ತೇ?

ಚಿತ್ರ ಮಸುಕು, ಪಿಕ್ಸೆಲ್ ದೊಡ್ಡದು ಎಂದು ಬೊಬ್ಬೆ ಹೊಡೆಯುವವರಿದ್ದಾರೆ. 2014ರಲ್ಲಿ ಹಾರಿದ ವರ್ಲ್ಡ್‌ವ್ಯೂ-3 ತೋರಿಸುವುದು 31 ಸೆಂಟಿಮೀಟರ್ ವಿವರ. 2019ರ ನವೆಂಬರ್‌ನಲ್ಲಿ ನಮ್ಮ ಇಸ್ರೊ ಹಾರಿಸಿದ ಕಾರ್ಟೊಸ್ಯಾಟ್-3ರದು 25. ಹತ್ತು ಸೆಂಟಿಮೀಟರ್ ಗುರಿ ಇಟ್ಟುಕೊಂಡ ಖಾಸಗಿ ಉಪಗ್ರಹ 2025ರಲ್ಲಿ ಮೇಲೇರಿತು. ಇವತ್ತು ಕಾಣದ್ದು ನಾಳೆ ಕಂಡೀತು. ಖಾಸಗಿತನ ಎಂಬ ಇನ್ನೊಂದು ತಕರಾರು: ಬೀದಿಯಲ್ಲಿ ಹೋಗುವ ಅಪರಿಚಿತನನ್ನು ಮಾಡಿಗೆ ಹತ್ತಿಸುವವರು ಉಪಗ್ರಹಕ್ಕೆ ನಾಚಿಕೊಳ್ಳುವುದೇಕೋ ನನಗೆ ಅರ್ಥವಾಗಿಲ್ಲ.

ಮೇಲಿಂದ ಕಾಣದ ಗಾಯವಿದ್ದರೆ? ಹತ್ತಿ ನೋಡಿ, ಬೇಡ ಅಂದವರಾರು! ‘ಹಾನಿ ಆಗಿದೆ’ ಎನ್ನಲು ಉಪಗ್ರಹದ ಮಾತು ಸಾಕು. ‘ಆಗಿಲ್ಲ’ ಎನ್ನಲು ಸಾಲದು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಮೊದಲ ಮಾತು ಅದರದ್ದೇ ಆಗಬೇಕು, ಬೆಲ್ ಒತ್ತಿದವನದ್ದಲ್ಲ.

ವಿರೋಧ: ಆ ಗಾಯ ಬೆರಳಿಗೆ ಸಿಗುತ್ತದೆ, ಚಿತ್ರಕ್ಕಲ್ಲ
(ಬರೆದವರು ಪ್ಲೇನೊ ನಿವಾಸಿ, ಇನ್ಶೂರೆನ್ಸ್ ಅಡ್ಜಸ್ಟರ್)

ಸಂಪಾದಕರು ಎರಡು ದಿನದ ಗಡುವು ಕೊಟ್ಟಿದ್ದಾರೆ. ಲೇಖನ ಬರೆದು ಅಭ್ಯಾಸವಿಲ್ಲ, ವರದಿ ಬರೆದು ಅಭ್ಯಾಸ. ಆದ್ದರಿಂದ ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಗಾತ್ರ. ಇಲ್ಲಿನ ಹವಾಮಾನ ಇಲಾಖೆ ತೀವ್ರ ಎಂದು ಕರೆಯುವುದು ಒಂದು ಇಂಚು, ಅಂದರೆ ಎರಡೂವರೆ ಸೆಂಟಿಮೀಟರ್ ಅಡ್ಡಳತೆಯ ಆಲಿಕಲ್ಲನ್ನು. ಅದು ಆಸ್ಫಾಲ್ಟ್ ಶಿಂಗಲ್ಸ್ ಮೇಲೆ ಬಿದ್ದರೆ ಆಗುವ ಗಾಯ ಹೆಚ್ಚುಕಡಿಮೆ ಅಷ್ಟೇ ದೊಡ್ಡದು, ಸುಮಾರು ಐದು ಚದರ ಸೆಂಟಿಮೀಟರ್. ಉಪಗ್ರಹದ ಒಳ್ಳೆಯ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ 900 ಚದರ ಸೆಂಟಿಮೀಟರ್. ಅಂಥ ಸುಮಾರು 180 ಗಾಯ ಸೇರಿದರೆ ಒಂದು ಪಿಕ್ಸೆಲ್. ಹತ್ತು ಸೆಂಟಿಮೀಟರಿನ ಚಿತ್ರ ಬಂದರೂ ಪಿಕ್ಸೆಲ್ಲಿನ ಇಪ್ಪತ್ತರಲ್ಲೊಂದು ಪಾಲು. ಕಾಣುವುದಿಲ್ಲ. ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಆದರೆ ಪುಟ ತುಂಬಬೇಕಂತೆ.

ಎರಡನೆಯದು ಗಾಯದ ಸ್ವಭಾವ. ಶಿಂಗಲ್ಸ್ ಎಂದರೆ ಫೈಬರ್‌ಗ್ಲಾಸಿನ ಹಾಳೆ, ಅದರ ಮೇಲೆ ಡಾಂಬರಿನಂಥ ಆಸ್ಫಾಲ್ಟು, ಅದರ ಮೇಲೆ ಬಿಸಿಲು ತಡೆಯುವ ಹರಳುಗಳು. ಕಲ್ಲು ಬಡಿದಾಗ ಹರಳು ಒಳಗೆ ಹೂತುಕೊಳ್ಳುತ್ತವೆ ಇಲ್ಲವೇ ಉದುರಿ ಗಟರ್ ಸೇರುತ್ತವೆ. ಅಡಿಯ ಹಾಳೆ ಬಿರುಕು ಬಿಡುತ್ತದೆ. ನಾವು ಪ್ರತಿ ಇಳಿಜಾರಿನಲ್ಲೂ ಹತ್ತಡಿ ಉದ್ದ ಹತ್ತಡಿ ಅಗಲದ ಚೌಕ ಹಾಕಿ, ಪೆಟ್ಟು ಕಂಡಲ್ಲೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಬರೆದು ಎಣಿಸುತ್ತೇವೆ. ಸುತ್ತು ಬರೆಯುವ ಮೊದಲು ಹೆಬ್ಬೆರಳಿನಿಂದ ಅದುಮುತ್ತೇವೆ. ನಿಜವಾದ ಪೆಟ್ಟಾದರೆ ಏಟು ಬಿದ್ದ ಸೇಬಿನಂತೆ ಮೆತ್ತಗೆ ಒಳಗೆ ಹೋಗುತ್ತದೆ. ಬಿಸಿಲಿಗೆ ಎದ್ದ ಗುಳ್ಳೆ ಒಡೆದದ್ದಾದರೆ ಸುತ್ತಲೂ ಗಟ್ಟಿ, ಅಂಚು ಚೂಪು. ಸುತ್ತಿಗೆಯ ಪೆಟ್ಟಾದರೆ ಹರಳು ಪುಡಿಯಾಗಿರುತ್ತದೆ, ಎಲ್ಲ ಗುರುತೂ ಒಂದೇ ಅಳತೆ. ದೇವರು ಅಷ್ಟು ಅಚ್ಚುಕಟ್ಟಾಗಿ ಕಲ್ಲು ಹೊಡೆಯುವುದಿಲ್ಲ. ಮೋಸ ಹಿಡಿಯಲು ಉಪಗ್ರಹ ಬೇಕು ಎನ್ನುವವರಿಗೆ ಇದನ್ನು ತಿಳಿಸಬೇಕಿತ್ತು: ಮೋಸ ಸಿಕ್ಕಿಬೀಳುವುದು ಹತ್ತಿರದಿಂದ ನೋಡಿದಾಗಲೇ.

ಮೂರು, ಸುತ್ತಲಿನ ಸಾಕ್ಷಿ. ಗಟರ್, ಗಾಳಿ ಕೊಳವೆಯ ತಗಡಿನ ಮುಚ್ಚಳ, ಎ.ಸಿ. ಯಂತ್ರದ ತೆಳು ರೆಕ್ಕೆಗಳು, ಅಂಚೆ ಪೆಟ್ಟಿಗೆ. ಕಲ್ಲು ಯಾವ ದಿಕ್ಕಿನಿಂದ ಬಂತು, ಎಷ್ಟು ದೊಡ್ಡದಿತ್ತು ಎಂಬುದು ಇವುಗಳ ತಗ್ಗಿನಲ್ಲಿ ಇರುತ್ತದೆ. ನೇರ ಮೇಲಿನಿಂದ ನೋಡಿದರೆ ಈ ತಗ್ಗುಗಳು ಕಾಣುವುದಿಲ್ಲ, ಕೆಲವು ಸೂರಿನ ಇಲ್ಲವೇ ಮರದ ಮರೆಯಲ್ಲೂ ಇರುತ್ತವೆ.

ನಾಲ್ಕು, ಬಿರುಗಾಳಿ ಹೋದರೂ ಮೋಡ ಹೋಗಿರುವುದಿಲ್ಲ. ಉಪಗ್ರಹ ಬರುವ ದಿನ ಆಕಾಶ ತೆರೆದಿರಬೇಕು, ಕೋನ ಸರಿಯಿರಬೇಕು. ಇದನ್ನು ವಿವರಿಸುವುದು ಬೇಡ.

ಐದು, ಹೊಲದ ಉದಾಹರಣೆ ಕೊಡುವವರಿಗೆ. ನೆಬ್ರಾಸ್ಕಾ, ದಕ್ಷಿಣ ಡಕೋಟದ ಮೆಕ್ಕೆಜೋಳ-ಸೋಯಾ ಹೊಲಗಳಲ್ಲಿ ಆಲಿಕಲ್ಲು ಎಳೆದ ಪಟ್ಟಿ ಉಪಗ್ರಹದಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ನಿಜ. ಹಸಿರೆಲೆ ಅವಕೆಂಪು ಬೆಳಕನ್ನು ಜೋರಾಗಿ ಹಿಂದಕ್ಕೆ ಕಳಿಸುತ್ತದೆ. ಎಲೆ ಹರಿದರೆ ಆ ಬೆಳಕು ಕುಗ್ಗುತ್ತದೆ. ಶಿಂಗಲ್ಸ್ ಹಸಿರೆಲೆಯಲ್ಲ. ಅಷ್ಟಿದ್ದೂ ನಮ್ಮೂರಿನ ಫಸಲ್ ಬಿಮಾದಲ್ಲಿ ಆಲಿಕಲ್ಲಿಗೆ 72 ಗಂಟೆಯೊಳಗೆ ರೈತ ತಿಳಿಸಬೇಕು, ಆಮೇಲೆ ಆ ಹೊಲಕ್ಕೇ ಹೋಗಿ ನೋಡಬೇಕು ಎಂಬ ನಿಯಮವಿದೆ. ಒಳ್ಳೆಯ ನಿಯಮ.

ಆರನೆಯದು, ಚಿತ್ರ ಯಾರ ಕೈಯಲ್ಲಿದೆ ಎಂಬುದು. ಅದನ್ನು ಕೊಳ್ಳುವವನು ಮನೆಯೊಡೆಯನಲ್ಲ, ಕಂಪನಿ. ಆಕಾಶದಿಂದ ತೆಗೆದ ಚಿತ್ರ ತೋರಿಸಿ, ನಿಮ್ಮ ಛಾವಣಿಯ ಮೇಲೆ ಪಾಚಿಯಿದೆ, ಕೊಂಬೆ ಬಾಗಿದೆ ಎಂದು ಪಾಲಿಸಿ ನವೀಕರಿಸದೆ ಕೈಬಿಟ್ಟ ಪ್ರಕರಣಗಳು ಕ್ಯಾಲಿಫೋರ್ನಿಯಾ ಮೊದಲಾದ ಕಡೆ ಸುದ್ದಿಯಾಗಿವೆ. ನಾನೂ ಕಂಪನಿಯ ಸಂಬಳ ತಿನ್ನುವವನೇ, ಇದಕ್ಕಿಂತ ಹೆಚ್ಚು ಹೇಳಲಾರೆ.

ಪರವಾಗಿ ಬರೆದವರು ವಿಂಗಡಣೆಯ ಮಾತು ತೆಗೆದಿರುತ್ತಾರೆ ಎಂದು ಊಹಿಸಬಲ್ಲೆ. ಅದರಲ್ಲಿ ತಪ್ಪಿಲ್ಲ. ಮನೆ ಬಿಡುವ ಮೊದಲು ನಾನೇ ರೇಡಾರಿನ ನಕ್ಷೆ ನೋಡುತ್ತೇನೆ, ಹಳೆಯ ಚಿತ್ರವನ್ನೂ ನೋಡುತ್ತೇನೆ. ಕಡಿದಾದ ಎರಡಂತಸ್ತಿನ ಛಾವಣಿಗಳಿಗೆ ಹತ್ತದೆ ವಿಮಾನದಿಂದಲೋ ಡ್ರೋನಿನಿಂದಲೋ ತೆಗೆದ ಚಿತ್ರವನ್ನೇ ನಂಬಿದ್ದೂ ಉಂಟು, ಜೀವ ದೊಡ್ಡದು. ವಿಮಾನದ ಚಿತ್ರ ಐದಾರು ಸೆಂಟಿಮೀಟರಿನ ಸೂಕ್ಷ್ಮಕ್ಕೆ ಇಳಿಯುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ‘ಸ್ಯಾಟಲೈಟ್’ ಎಂದು ಒತ್ತಿ ನಿಮ್ಮ ಹಿತ್ತಲಿನ ಕುರ್ಚಿ ಕಂಡು ಬೆರಗಾಗುತ್ತೀರಲ್ಲ, ಅಮೆರಿಕದ ನಗರಗಳಲ್ಲಿ ಅದು ಬಹುಪಾಲು ವಿಮಾನದ ಫೋಟೊ. ಜನ ಉಪಗ್ರಹವನ್ನು ಹೊಗಳುವಾಗ ಅರ್ಧ ಹೊಗಳಿಕೆ ವಿಮಾನಕ್ಕೆ ಸಲ್ಲಬೇಕು.

ಕೊನೆಗೆ ಓದುಗರಿಗೆ ಒಂದಿಷ್ಟು. ಕಲ್ಲು ನಿಂತ ಕೂಡಲೇ ಅಂಗಳದ ಆಲಿಕಲ್ಲಿನ ಪಕ್ಕ ಒಂದು ನಾಣ್ಯವಿಟ್ಟು ಫೋಟೊ ತೆಗೆದುಕೊಳ್ಳಿ. ಕ್ಲೇಮ್ ಹಾಕುವ ಮೊದಲು ಡಿಡಕ್ಟಿಬಲ್ ಓದಿ: ನಾಲ್ಕು ಲಕ್ಷ ಡಾಲರಿಗೆ ವಿಮೆ ಮಾಡಿಸಿದ ಮನೆಗೆ ಶೇಕಡಾ ಎರಡು ಎಂದರೆ ಮೊದಲ 8,000 ಡಾಲರ್ ನಿಮ್ಮದೇ ಜೇಬಿನದು. ಊರಿನಿಂದ ಬಂದ ಹಿರಿಯರಿಗೆ ಯಾವ ಪರದೆಯ ಮೇಲೂ ಸಹಿ ಹಾಕಬೇಡಿ ಎಂದು ಹೇಳಿಡಿ. ಮತ್ತು ‘ಚಿತ್ರದಲ್ಲಿ ಹಾನಿ ಕಂಡುಬಂದಿಲ್ಲ’ ಎಂಬ ಪತ್ರ ಬಂದರೆ ಸುಮ್ಮನಾಗಬೇಡಿ. ಏಣಿ ಇಟ್ಟು ನೋಡುವವರನ್ನು ಕಳಿಸಿ ಎಂದು ಲಿಖಿತವಾಗಿ ಕೇಳಿ.