ಬಾಗಿಲು ಮುಚ್ಚಿದ ಮೇಲೆ



ನಮ್ಮ ಕ್ರೈಸ್ತ ಬಂಧುಗಳು ‘ಸತ್ಯವೇದ’ವೆಂದು ಕರೆಯುವ ಕನ್ನಡ ಬೈಬಲಿನಲ್ಲಿ ಪೌಲನು ಗಲಾತ್ಯದವರಿಗೆ ಬರೆದ ಪತ್ರವೊಂದಿದೆ. ದೇವರಾತ್ಮನಿಂದ ಮನುಷ್ಯನಲ್ಲಿ ಫಲಿಸುವ ಒಂಬತ್ತು ಗುಣಗಳನ್ನು ಅದರ ಐದನೆಯ ಅಧ್ಯಾಯದಲ್ಲಿ ಎಣಿಸಿದೆ. ಮೊದಲನೆಯದು ಪ್ರೀತಿ, ಕೊನೆಯದು ಆತ್ಮಸಂಯಮ. ಹಳೆಯ ಕನ್ನಡ ಅನುವಾದಕರು ಆ ಕೊನೆಯ ಗುಣಕ್ಕೆ ಆರಿಸಿಟ್ಟ ಮಾತು ‘ಶಮೆದಮೆ’. ಶಮವೆಂದರೆ ಮನಸ್ಸಿನ ಹಿಡಿತ, ದಮವೆಂದರೆ ಇಂದ್ರಿಯಗಳ ಹಿಡಿತ ಎಂಬುದು ವೇದಾಂತದ ಪಾಠ ಕೇಳಿದವರಿಗೆಲ್ಲ ತಿಳಿದದ್ದೇ. ಗ್ರೀಕ್ ಮಾತೊಂದನ್ನು ಕನ್ನಡಕ್ಕೆ ತರುವಾಗ ಅವರು ನಮ್ಮ ಅಟ್ಟದ ಮೇಲಿನ ಹಳೆಯ ಪಾತ್ರೆಯನ್ನೇ ಇಳಿಸಿ, ತೊಳೆದು ಬಳಸಿದರು. ಆದ್ದರಿಂದ ಈ ಸಲದ ವಿಷಯ ಕ್ರೈಸ್ತ ಜೀವನದ್ದಾದರೂ ನಮ್ಮಲ್ಲಿ ಯಾರಿಗೂ ಹೊರಗಿನದಲ್ಲ.

ಉದಾಹರಣೆ ನಾವಿರುವ ಊರಿನಲ್ಲೇ ಇದೆ. ಲಾಸ್ ಏಂಜಲೀಸಿನಲ್ಲಿ ವಾಷಿಂಗ್ಟನ್ ಬುಲವಾರ್ಡೂ ಹಿಲ್ ಸ್ಟ್ರೀಟೂ ಕೂಡುವ ಮೂಲೆಯಲ್ಲಿ 1949ರ ಸೆಪ್ಟೆಂಬರಿನಲ್ಲಿ ಒಂದು ಭಾರಿ ಡೇರೆ ಎದ್ದಿತು. ಆಗ ಮೂವತ್ತು ವರ್ಷದವರಾಗಿದ್ದ ಬಿಲ್ಲಿ ಗ್ರಹಾಂ ಅಲ್ಲಿ ಮೂರು ವಾರ ಧರ್ಮಬೋಧೆ ಮಾಡುವುದೆಂದು ಗೊತ್ತಾಗಿತ್ತು. ಜನ ಸೇರಿದ್ದು ನೋಡಿ ಅದು ಎಂಟು ವಾರ ನಡೆಯಿತು. ಅವರ ಹೆಸರು ದೇಶವಿಡೀ ಹರಡಿದ್ದು ಆ ಡೇರೆಯಿಂದ. ಅಲ್ಲಿಗೆ ಬಂದವರಲ್ಲಿ ಟಾರೆನ್ಸಿನ ಲೂಯಿ ಜಾಂಪರಿನಿ ಒಬ್ಬರು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಓಡಿದವರು, ಯುದ್ಧದಲ್ಲಿ ಸಮುದ್ರದ ಮೇಲೆ 47 ದಿನ ತೇಲಿ, ಜಪಾನೀಯರ ಸೆರೆಯಲ್ಲಿ ಚಿತ್ರಹಿಂಸೆ ಉಂಡವರು. ಬಿಡುಗಡೆಯಾಗಿ ಬಂದ ಮೇಲೆ ಕುಡಿತಕ್ಕೆ ಬಿದ್ದಿದ್ದರು. ಹೆಂಡತಿಯ ಒತ್ತಾಯಕ್ಕೆ ಡೇರೆಗೆ ಹೋದ ಆ ಒಂದು ಸಂಜೆ ಅವರ ಕುಡಿತ ನಿಂತಿತು. ಮರುವರ್ಷ ಟೋಕಿಯೋದ ಸುಗಾಮೋ ಸೆರೆಮನೆಗೆ ಹೋಗಿ, ತಮ್ಮನ್ನು ಹಿಂಸಿಸಿದ್ದ ಕಾವಲುಗಾರರನ್ನೇ ಕಂಡು ಕ್ಷಮಿಸಿ ಬಂದರು. 2014ರಲ್ಲಿ, 97ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಎಲ್ಲರಿಗೂ ಅಂಥ ಒಂದು ಸಂಜೆ ದೊರೆಯುವುದಿಲ್ಲ. ಡೇರೆಯಲ್ಲಿ ಬೋಧಿಸುತ್ತಿದ್ದವರೇ ತಮ್ಮ ಮಟ್ಟಿಗೆ ಅಂಥ ಸಂಜೆಯನ್ನು ನಂಬಿ ಕುಳಿತಿರಲಿಲ್ಲ. ಅದರ ಹಿಂದಿನ ವರ್ಷ, 1948ರ ನವೆಂಬರಿನಲ್ಲಿ, ಲಾಸ್ ಏಂಜಲೀಸಿನ ಉತ್ತರಕ್ಕೆ ಸುಮಾರು 300 ಮೈಲಿ ದೂರದ ಮೊಡೆಸ್ಟೋದಲ್ಲಿ ಗ್ರಹಾಂ ಅವರೂ ಅವರ ಮೂವರು ಸಂಗಡಿಗರೂ ಒಂದು ಕೆಲಸ ಮಾಡಿದ್ದರು. ಊರೂರು ತಿರುಗುವ ಧರ್ಮಬೋಧಕರೆಂದರೆ ಜನ ಅನುಮಾನದಿಂದ ನೋಡುತ್ತಿದ್ದ ಕಾಲ ಅದು. ಅಂಥವನೊಬ್ಬನ ಕಪಟವನ್ನು ಚಿತ್ರಿಸಿದ ಸಿಂಕ್ಲೇರ್ ಲೂಯಿಸರ ‘ಎಲ್ಮರ್ ಗ್ಯಾಂಟ್ರಿ’ ಕಾದಂಬರಿ 1927ರಲ್ಲೇ ಬಂದಿತ್ತು. ‘ನಮ್ಮ ಕಸುಬಿನವರು ಕೆಡುವುದು ಎಲ್ಲೆಲ್ಲಿ? ಒಂದು ಗಂಟೆ ಒಬ್ಬೊಬ್ಬರೇ ಕುಳಿತು ಯೋಚಿಸಿ ಬರೆದು ತನ್ನಿ’ ಎಂದು ಗ್ರಹಾಂ ಕೇಳಿಕೊಂಡರು. ನಾಲ್ವರ ಪಟ್ಟಿಗಳೂ ಹೆಚ್ಚುಕಡಿಮೆ ಒಂದೇ ಆಗಿದ್ದವು: ಹಣ, ಹೆಣ್ಣು, ಊರಿನ ಚರ್ಚುಗಳನ್ನು ಹಳಿಯುವುದು, ಸಂಖ್ಯೆಗಳನ್ನು ಉಬ್ಬಿಸಿ ಹೇಳುವುದು. ಅಲ್ಲೇ ನಾಲ್ಕಕ್ಕೂ ಕಟ್ಟುಪಾಡು ಮಾಡಿಕೊಂಡರು. ಮಳೆಗಾಲಕ್ಕೆ ಮೊದಲೇ ಒಡ್ಡು ಹಾಕುವ ರೈತನ ಬುದ್ಧಿ ಇದು. ಸಂಯಮವೆಂದರೆ ಪ್ರಲೋಭನೆ ಎದುರು ನಿಂತಾಗ ಹಲ್ಲು ಕಚ್ಚುವುದೆಂದು ನಾವು ತಿಳಿದಿರುತ್ತೇವೆ. ಹಲ್ಲು ಕಚ್ಚುವ ಸಂದರ್ಭವೇ ಬಾರದಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡದು.

ಮೂರನೆಯ ಕಟ್ಟುಪಾಡನ್ನು ಓದುವಾಗ ನಮ್ಮ ನಾಡಿನ ಉತ್ತಂಗಿ ಚನ್ನಪ್ಪನವರು ನೆನಪಾಗುತ್ತಾರೆ. ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿದ್ದೂ ಸರ್ವಜ್ಞನ ವಚನಗಳನ್ನು ಶ್ರಮಪಟ್ಟು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಇಲ್ಲಿ ಡೇರೆ ಎದ್ದ ಅದೇ 1949ರಲ್ಲಿ ಅಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ತಮ್ಮ ಧರ್ಮದಲ್ಲಿ ಗಟ್ಟಿಯಾಗಿ ನಿಂತು ಇನ್ನೊಬ್ಬರ ಮನೆಯ ದೀಪಕ್ಕೆ ಎಣ್ಣೆ ಎರೆದವರು.

ಒಡ್ಡು ಒಂದು ಸಲ ಹಾಕಿದರೆ ಮುಗಿಯಿತೆಂದಲ್ಲ. 1950ರಲ್ಲಿ ಅಟ್ಲಾಂಟಾದ ಪತ್ರಿಕೆಯೊಂದು ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಅಚ್ಚುಹಾಕಿತು: ಒಂದರಲ್ಲಿ ಕಾಣಿಕೆಯ ಹಣದ ಚೀಲಗಳು, ಇನ್ನೊಂದರಲ್ಲಿ ನಗುತ್ತ ಕೈ ಬೀಸುವ ಗ್ರಹಾಂ. ನಾಚಿಕೆಯಾಗಿ, ಮುಂದೆ ಅವರು ಕಾಣಿಕೆಯ ಪಾಲನ್ನು ಬಿಟ್ಟು, ಆಡಳಿತ ಮಂಡಳಿ ಗೊತ್ತುಮಾಡಿದ ಸಂಬಳಕ್ಕೆ ಒಪ್ಪಿಕೊಂಡರು. ಹೆಂಡತಿಯಲ್ಲದ ಹೆಂಗಸಿನೊಡನೆ ಒಬ್ಬರೇ ಊಟಕ್ಕೆ ಕೂರುವುದಿಲ್ಲ, ಪ್ರಯಾಣ ಮಾಡುವುದಿಲ್ಲ ಎಂಬ ಎರಡನೆಯ ನಿಯಮವನ್ನೂ ಇಂದು ಬಹಳ ಜನ ಪ್ರಶ್ನಿಸುತ್ತಾರೆ. ಆಫೀಸಿನಲ್ಲಿ ಮೇಲಧಿಕಾರಿ ಹೀಗೆ ಮಾಡಿದರೆ ಅವನ ಕೈಕೆಳಗಿನ ಹೆಣ್ಣುಮಗಳಿಗೆ ಗಂಡಸರಿಗೆ ಸಿಗುವ ಅವಕಾಶ ಸಿಗುವುದಿಲ್ಲ. ಈ ಆಕ್ಷೇಪ ನ್ಯಾಯವಾದದ್ದೇ. ನಮ್ಮ ಹೊಲಕ್ಕೆ ಬೇಲಿ ಹಾಕುವಾಗ ಪಕ್ಕದವರ ಕಾಲುದಾರಿ ಮುಚ್ಚಬಾರದಷ್ಟೆ.

ಆದರೆ ನೀರು ನುಗ್ಗಿದ್ದು ಇವೆರಡೂ ಕಡೆಯಿಂದಲ್ಲ. 1972ರ ಫೆಬ್ರವರಿ 1ರಂದು ವೈಟ್ ಹೌಸಿನಲ್ಲಿ, ಆರೆಂಜ್ ಕೌಂಟಿಯ ಯೋರ್ಬಾ ಲಿಂಡಾದಲ್ಲಿ ಹುಟ್ಟಿದ ಅಧ್ಯಕ್ಷ ನಿಕ್ಸನ್ನರೊಡನೆ ಮಾತಾಡುತ್ತ, ಯೆಹೂದ್ಯರು ಪತ್ರಿಕಾರಂಗವನ್ನು ಕೈಯಲ್ಲಿ ಹಿಡಿದಿದ್ದಾರೆಂದು ಗ್ರಹಾಂ ಕೆಟ್ಟ ಮಾತುಗಳನ್ನಾಡಿದರು. ಕೋಣೆಯ ಬಾಗಿಲು ಮುಚ್ಚಿತ್ತು, ಟೇಪು ತಿರುಗುತ್ತಿತ್ತು. ಮೂವತ್ತು ವರ್ಷಗಳ ಮೇಲೆ, 2002ರಲ್ಲಿ, ಅದು ಹೊರಬಂತು. ಆ ಮಾತು ತಮ್ಮ ನೆನಪಿನಲ್ಲಿಲ್ಲವೆಂದರೂ, 83 ವರ್ಷದ ಆ ಮುದುಕರು ಬಹಿರಂಗವಾಗಿ ಕ್ಷಮೆ ಕೇಳಿದರು, ಯೆಹೂದ್ಯ ಮುಖಂಡರನ್ನು ಎದುರಿಗೆ ಕಂಡೂ ಕೇಳಿದರು. ಮರುವರ್ಷದ ಮೇ ತಿಂಗಳಲ್ಲಿ ಅವರು ಸ್ಯಾನ್ ಡಿಯೇಗೋದ ಕ್ರೀಡಾಂಗಣದಲ್ಲಿ ನಾಲ್ಕು ದಿನ ಬೋಧಿಸಿದರು. ಆ ಕ್ರೀಡಾಂಗಣ ಈಗಿಲ್ಲ. ಅವರೂ 2018ರಲ್ಲಿ ತೀರಿಕೊಂಡರು. ಆ ಟೇಪು ಮಾತ್ರ ಉಳಿದಿದೆ. ಮೊಡೆಸ್ಟೋದ ಪಟ್ಟಿಯಲ್ಲಿ ಬೇರೆ ಚರ್ಚುಗಳನ್ನು ಹಳಿಯಬಾರದೆಂದಿತ್ತು. ಬೇರೆ ಜನರನ್ನು ಹಳಿಯಬಾರದೆಂದು ಯಾರೂ ಬರೆದಿರಲಿಲ್ಲ. ತನ್ನಿಂದ ಆ ತಪ್ಪಾದೀತೆಂದು ಯಾರಿಗೂ ಹೊಳೆಯದ ಕಡೆಯೇ ಒಡ್ಡು ಇರಲಿಲ್ಲ.

ಇದನ್ನು ಇಷ್ಟು ಬೆಳೆಸಿ ಬರೆದದ್ದಕ್ಕೆ ಕಾರಣವಿದೆ. ಸಂಘದ ಹಣದ ವಿಷಯದಲ್ಲಿ ನಮ್ಮ ಜನ ಎಚ್ಚರದವರು. ಯುಗಾದಿ ಊಟದ ಲೆಕ್ಕವನ್ನು ಇಬ್ಬರು ಎಣಿಸುತ್ತಾರೆ, ಮೂರನೆಯವರು ನೋಡುತ್ತಾರೆ. ಆದರೆ ಈ ದೇಶದಲ್ಲಿ ನಮಗೆ ಬಾಗಿಲು ಮುಚ್ಚಿದ ಕೋಣೆಯೊಂದಿದೆ, ಅದು ಕನ್ನಡ. ಅಂಗಡಿಯ ಸಾಲಿನಲ್ಲಿ ಮುಂದೆ ನಿಂತ ಮೆಕ್ಸಿಕನ್ನನ ಬಗ್ಗೆ, ಪಕ್ಕದ ಮನೆಯ ಕರಿಯರ ಬಗ್ಗೆ, ಇನ್ನೊಂದು ಮತದವರ ಬಗ್ಗೆ, ನಮ್ಮವರಲ್ಲೇ ಇನ್ನೊಂದು ಜಾತಿಯವರ ಬಗ್ಗೆ ಇಂಗ್ಲಿಷಿನಲ್ಲಿ ಆಡಲು ಹೆದರುವ ಮಾತನ್ನು ಕನ್ನಡದಲ್ಲಿ ಸಲೀಸಾಗಿ ಆಡಬಹುದು. ಯಾರಿಗೂ ಗೊತ್ತಾಗುವುದಿಲ್ಲವೆಂಬ ಧೈರ್ಯ. ಶಮೆದಮೆಯ ಪರೀಕ್ಷೆ ನಡೆಯುವುದು ಅಲ್ಲಿ. ನಾಲ್ಕು ಜನರೆದುರಿನ ಸಭ್ಯತೆಯನ್ನು ಯಾರೂ ಕಲಿತಾರು.

ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯೇಗೋಗೆ ಸುಮಾರು 120 ಮೈಲಿ. ಕಾರಿನ ಕಿಟಕಿ ಏರಿಸಿ ಎರಡು ಗಂಟೆ ಕೂರುವ ಕುಟುಂಬಕ್ಕೆ ಅದಕ್ಕಿಂತ ಭದ್ರವಾದ ಕೋಣೆ ಬೇರಿಲ್ಲ. ಹಿಂದಿನ ಸೀಟಿನ ಮಕ್ಕಳಿಗೆ ಕನ್ನಡ ಆಡಲು ಬಾರದಿರಬಹುದು, ಕೇಳಿದ್ದು ಅರ್ಥವಾಗುತ್ತದೆ. ಆ ಟೇಪು ಹೊರಬರಲು ಮೂವತ್ತು ವರ್ಷ ಬೇಕಾಗಿಲ್ಲ.

ಮುಂದಿನ ಸಂಚಿಕೆಯೊಳಗೆ ಒಂದು ಭಾನುವಾರ ಮನೆಯವರೆಲ್ಲ ಒಂದು ಗಂಟೆ ಬೇರೆಬೇರೆ ಕುಳಿತು, ‘ನಾವು ಜಾರುವುದು ಎಲ್ಲಿ’ ಎಂದು ಬರೆದು ನೋಡಬಹುದು. ಖರ್ಚು ಒಂದು ಹಾಳೆ, ಒಂದು ಪೆನ್ಸಿಲು. ಪಟ್ಟಿಗಳನ್ನು ಹೋಲಿಸಿದ ಮೇಲೆ, ಯಾರೂ ಬರೆಯದೇ ಬಿಟ್ಟದ್ದು ಯಾವುದೆಂದು ಮಕ್ಕಳನ್ನು ಕೇಳಿ. ಅವರು ಹೇಳಿಯಾರು.