ತೊಗರಿ ಹೊಲಕ್ಕೆ ಆ್ಯಪ್ ಬಂತು, ಹೊಣೆ ಯಾರದು?

ಬೆಂಗಳೂರಿನ ಸ್ಟಾರ್ಟ್‌ಅಪ್ ಸಭೆಗಳಲ್ಲಿ ಸಣ್ಣ ರೈತರ ಬಗ್ಗೆ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: ಅವರಿಗೆ ಮಾಹಿತಿಯ ಕೊರತೆ ಇದೆ, ಮೊಬೈಲಿನಲ್ಲಿ ಮಾಹಿತಿ ಕೊಟ್ಟರೆ ಇಳುವರಿಯೂ ಬೆಲೆಯೂ ತಾನಾಗಿ ಬರುತ್ತವೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿಯ ಎರೆ ಹೊಲಗಳನ್ನು ಬಲ್ಲವರು ಯಾರೂ ಒಪ್ಪಲಾರರು.

ತೊಗರಿಗೆ ಕಾಯಿಕೊರಕ ಬಿದ್ದಾಗ ಗಿಡ ಅಲುಗಾಡಿಸಿ, ಉದುರಿದ ಹುಳುಗಳನ್ನು ಬಟ್ಟೆಯ ಮೇಲೆ ಹಿಡಿದು ಕೊಲ್ಲುವ ಉಪಾಯ ಈ ಜಿಲ್ಲೆಯ ರೈತರಿಗೆ ಗೊತ್ತಿತ್ತು. ಔಷಧಿಗೆ ಹುಳು ಬಗ್ಗದ ಕಾಲದಲ್ಲಿ ವಿಜ್ಞಾನಿಗಳೂ ಅದನ್ನು ಪರೀಕ್ಷಿಸಿ ಮೆಚ್ಚಿದರು. ಹೊಸ ರೋಗ, ಹೊಸ ತಳಿ ಬಂದಾಗ ಬಲ್ಲವರ ನೆರವು ಬೇಕು, ನಿಜ. ಆದರೆ ಅಜ್ಞಾನವೇ ಇಲ್ಲಿಯ ಮೂಲ ರೋಗ ಎನ್ನುವುದು ಅವಮಾನ.

ಬೆಲೆಯನ್ನೇ ನೋಡಿ. 2015ರಲ್ಲಿ ತೊಗರಿಬೇಳೆ ತುಟ್ಟಿಯಾಯಿತು. ಮರುವರ್ಷ ರೈತರು ಹೆಚ್ಚು ಬಿತ್ತಿದರು. ಅದೇ 2016ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೊಜಾಂಬಿಕ್‌ನಿಂದ ಬೇಳೆಕಾಳು ತರಿಸಲು ಒಪ್ಪಂದ ಮಾಡಿಕೊಂಡಿತು. ರಾಶಿ ಮಾರುಕಟ್ಟೆಗೆ ಬಂದಾಗ ಬೆಲೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. 2017ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರ ಮೈಕ್ರೋಸಾಫ್ಟ್ ಜೊತೆ ಸೇರಿ ತೊಗರಿಯ ಬೆಲೆ ಮುನ್ಸೂಚನೆಗೆ ಕೈಹಾಕಿತು. ಪ್ರಯತ್ನ ತಪ್ಪಲ್ಲ. ಆದರೆ 2021ರ ಮೇ ತಿಂಗಳಲ್ಲಿ ತೊಗರಿ ಆಮದನ್ನು ಮುಕ್ತಗೊಳಿಸಿದಂಥ ಆದೇಶ ದೆಹಲಿಯಿಂದ ಯಾವಾಗ ಹೊರಡುತ್ತದೆಂದು ಯಾವ ಕಂಪ್ಯೂಟರ್ ಹೇಳೀತು? ಹೇಳಿದರೂ, ಸಾಲಗಾರ ಬಾಗಿಲಲ್ಲಿ ನಿಂತಿರುವಾಗ ರಾಶಿಯನ್ನು ಮನೆಯಲ್ಲಿಟ್ಟು ಕಾಯುವ ಶಕ್ತಿ ಎರಡೆಕರೆಯವನಿಗೆ ಎಲ್ಲಿದೆ?

ಹಾಗೆಂದು ನಾನು ಯಂತ್ರದ ವೈರಿಯಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಕಳೆದ ದಶಕದಲ್ಲಿ ಬೆಂಗಳೂರಿನ ಟೆನೆ ಎಂಬ ಕಂಪನಿಯೊಡನೆ ಇ-ಸ್ಯಾಪ್ ರೂಪಿಸಿತು. ಹೊಲದಲ್ಲಿ ನಿಂತೇ ಕೀಟ, ರೋಗ ಗುರುತಿಸಿ ಪರಿಹಾರ ತಿಳಿಯುವ ವ್ಯವಸ್ಥೆ ಅದು. ಇಂಟರ್‌ನೆಟ್ ಇಲ್ಲದ ಕಡೆಯೂ ನಡೆಯುತ್ತದೆ. ಅದನ್ನು ಕೈಯಲ್ಲಿ ಹಿಡಿದು ಕೃಷಿ ಸಿಬ್ಬಂದಿ ರೈತರ ಬಳಿಗೆ ಹೋಗುತ್ತಾರೆ, ಬೆನ್ನಿಗೆ ವಿಶ್ವವಿದ್ಯಾಲಯದ ತಜ್ಞರಿರುತ್ತಾರೆ. ನನಗೆ ಮುಖ್ಯವೆನಿಸುವುದು ಇದು: ಸಲಹೆ ಕೊಟ್ಟವರು ಯಾರೆಂದು ರೈತರಿಗೆ ಗೊತ್ತಿರುತ್ತದೆ, ಕೆಟ್ಟರೆ ಹೋಗಿ ಕೇಳಬಹುದು.

ಈಗ ಬರುತ್ತಿರುವ ಎಷ್ಟೋ ಆ್ಯಪ್‌ಗಳು ಸಲಹೆಯನ್ನು ಪುಕ್ಕಟೆ ಕೊಡುತ್ತವೆ, ಬೀಜ, ಗೊಬ್ಬರ, ಔಷಧಿ ಮಾರಿ ಬದುಕುತ್ತವೆ. 2022ರಲ್ಲಿ ನೆಟೆ ರೋಗಕ್ಕೆ ಕಲಬುರಗಿ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತು. ಆ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಗಿಡ ಒಣಗಿದ ಮೇಲೆ ಸಿಂಪಡಿಸಿ ಪ್ರಯೋಜನವಿಲ್ಲ. ಬೆಳೆ ಬದಲಿಸಬೇಕು, ಇಲ್ಲವೇ ಟಿಎಸ್-3ಆರ್‌ನಂಥ ರೋಗ ತಡೆಯುವ ತಳಿ ಬಿತ್ತಬೇಕು. ಅಂಥ ಹೊತ್ತಿನಲ್ಲಿ ರೈತರಿಗೆ ಸಿಗಬೇಕಾದ ಸಲಹೆ, ‘ಔಷಧಿ ಕೊಳ್ಳಬೇಡಿ.’ ಔಷಧಿ ಮಾರಿದರೆ ಮಾತ್ರ ಲಾಭ ಕಾಣುವ ಕಂಪನಿ ಈ ಮಾತು ಹೇಳುತ್ತದೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಇನ್ನೊಂದು ಪ್ರಶ್ನೆ, ರೈತ ಎಂದರೆ ಯಾರು? ಸರ್ಕಾರದ ಫ್ರೂಟ್ಸ್ ಗುರುತಿನ ಸಂಖ್ಯೆ ಪಹಣಿಗೆ ಅಂಟಿಕೊಂಡಿದೆ. ಪಹಣಿ ಗಂಡನ ಹೆಸರಲ್ಲಿ, ಮಾವನ ಹೆಸರಲ್ಲಿ ಇರುತ್ತದೆ. ಕಳೆ ಕೀಳುವ, ರಾಶಿ ಮಾಡುವ ಹೆಣ್ಣುಮಗಳು ಆ ಲೆಕ್ಕದಲ್ಲಿಲ್ಲ. ಲಾವಣಿಗೆ ಹೊಲ ಹಿಡಿದವನೂ ಇಲ್ಲ. ಇದೇ ದಾಖಲೆಯ ಮೇಲೆ ಸಾಲ, ವಿಮೆ, ಸಲಹೆ ಎಲ್ಲವನ್ನೂ ಕಟ್ಟಿದರೆ ದುಡಿಯುವವರು ಹೊರಗೇ ಉಳಿಯುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಮೂರು. ಸಲಹೆ ಕೊಡುವವರು ಅದೇ ಆ್ಯಪ್‌ನಲ್ಲಿ ಔಷಧಿ ಮಾರಕೂಡದು. ಹೊಲದ ಮಾಹಿತಿಯನ್ನು ರೈತರ ಒಪ್ಪಿಗೆಯಿಲ್ಲದೆ ಬ್ಯಾಂಕಿಗಾಗಲಿ ವ್ಯಾಪಾರಿಗಾಗಲಿ ಕೊಡಕೂಡದು. ತಪ್ಪು ಸಲಹೆಯಿಂದ ಬೆಳೆ ಹೋದರೆ ಪರಿಹಾರ ಕೊಡುವವರು ಯಾರೆಂದು ಮೊದಲೇ ಕನ್ನಡದಲ್ಲಿ ಬರೆದುಕೊಡಬೇಕು.

ಕಲಬುರಗಿಯ ಕಾಲೇಜುಗಳಲ್ಲಿ ಕೋಡ್ ಬರೆಯಲು ಕಲಿಯುತ್ತಿರುವ ತಮ್ಮಂದಿರು, ತಂಗಿಯರು ನಾಳೆ ಇಂಥ ಕಂಪನಿಗಳಿಗೇ ಸೇರುವವರು. ಸೇರಿ, ಬೇಡ ಎನ್ನುವುದಿಲ್ಲ. ಆದರೆ ಮೊದಲ ದಿನವೇ ಈ ಮೂರನ್ನು ಕೇಳಿ.