ಗಣಿತಕ್ಕೆ ಬೇಕು ಬಿಡುವಿನ ಬೇಸಿಗೆ

ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಆರಂಭವಾದ ‘ಪ್ರಾಮಿಸ್’ ಬೇಸಿಗೆ ಗಣಿತ ಶಿಬಿರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಬಂದಿರುವುದು ಸ್ವಾಗತಾರ್ಹ. ಆರು ವಾರಗಳ ಈ ಶಿಬಿರದಲ್ಲಿ ಸೂತ್ರಗಳ ಬಾಯಿಪಾಠವಿಲ್ಲ, ಸಂಖ್ಯೆಗಳ ಹುಡುಕಾಟವಿದೆ. 5, 13, 17 ಎರಡು ವರ್ಗಗಳ ಮೊತ್ತವಾಗುತ್ತವೆ. 7, 11, 19 ಆಗುವುದಿಲ್ಲ. ಏಕೆ? ಇಂಥ ಪ್ರಶ್ನೆಗೆ ಮಕ್ಕಳೇ ಲೆಕ್ಕ ಹಾಕಿ, ಊಹಿಸಿ, ಸಾಧಿಸಿ ತೋರಿಸಬೇಕು. ಸಂಶೋಧನೆಯ ಮೊದಲ ಪಾಠವೇ ಇದು.

ಸಿಇಟಿ, ಜೆಇಇ ಕೋಚಿಂಗ್‌ನಲ್ಲಿ ರಜೆ ಕಳೆಯುವ ನಮ್ಮ ಮಕ್ಕಳಿಗೆ ಒಂದೇ ಪ್ರಶ್ನೆಯೊಂದಿಗೆ ದಿನಗಟ್ಟಲೆ ಕೂರುವ ಅವಕಾಶವೇ ಸಿಗುತ್ತಿಲ್ಲ. ಆ ಅವಕಾಶ ಬೆಂಗಳೂರಿಗೆ ಸೀಮಿತವಾಗಬಾರದು. ರಾಜ್ಯದ ವಿಶ್ವವಿದ್ಯಾಲಯಗಳು ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲೇ, ಉಚಿತವಾಗಿ ಇಂಥ ಶಿಬಿರ ನಡೆಸಲಿ. ಮುಂದಿನ ಬೇಸಿಗೆಗೇ ಶಿಕ್ಷಣ ಇಲಾಖೆ ಇದಕ್ಕೆ ಹಣ ಮೀಸಲಿಡಬೇಕು.